ಬಾಗಿಲ ಕಡೆಗೆ ಮುಖ

ಮಂಚದ ಮುಂದಿನ ಎಡಗಾಲಿ ಕುಂಟುತ್ತಿದೆ, ಸುತ್ತಿಗೊಮ್ಮೆ ಕಿರಕ್ ಅನ್ನುತ್ತಿದೆ, ನೆಲ ನುಣ್ಣಗೆ ಮಾಡಿಸಿದ್ದಾಯಿತು, ಹೊಸ್ತಿಲು ಕೀಳಿಸಿದ್ದಾಯಿತು, ಗೋಡೆಯ ಮೂಲೆಗಳನ್ನೆಲ್ಲ ದುಂಡಗೆ ಮಾಡಿಸಿದ್ದಾಯಿತು, ಹಾಳಾದ ಗಾಲಿಗೆ ಒಂದು ತೊಟ್ಟು ಎಣ್ಣೆ ಬಿಡಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ, ಇಡೀ ಆಸ್ಪತ್ರೆ ಇಂಜಿನಿಯರಮ್ಮ ಅಂತ ಕರೆಯುವ ಅವಳಿಗೂ ಹೊಳೆಯಲಿಲ್ಲ — ಮಂಚ ಕಾರಿಡಾರಿನಲ್ಲಿ ಮೆಲ್ಲಗೆ ಹೋಗುತ್ತಿದೆ, ಹಿಂದೆ ಅವಳು, ಮುಂದೆ ಹಿರಿಯ ಸಿಸ್ಟರು, ಪಕ್ಕದಲ್ಲಿ ಹುಡುಗನ ತಾಯಿ ಉಸಿರಿನ ಕೊಳವೆಯನ್ನು ಹಸುಗೂಸಿನ ತಲೆ ಹಿಡಿದ ಹಾಗೆ ಅಂಗೈಯಲ್ಲಿ ಹಿಡಿದು ಅಡ್ಡಡ್ಡ ನಡೆಯುತ್ತಿದ್ದಾಳೆ, ಮಂಚದ ಮೇಲೆ ಸಾಹೇಬ. ಎಂಟು ತುಂಬದ ಹುಡುಗನಿಗೆ ಸಾಹೇಬ ಅಂತ ಹೆಸರಿಟ್ಟವರು ಸಿಸ್ಟರೇ, ಕೈಗೊಬ್ರು ಕಾಲಿಗೊಬ್ರು ಆಳು ಬೇಕಪ್ಪ ನಮ್ಮ ಸಾಹೇಬ್ರಿಗೆ ಅಂತ ತಮಾಷೆಗೆ ಅಂದದ್ದು ಅವನ ಸ್ವಂತ ಹೆಸರನ್ನೇ ನುಂಗಿ ಕೂತಿದೆ. ಕುತ್ತಿಗೆಯಲ್ಲಿ ನಳಿಗೆ, ನಳಿಗೆಗೆ ಕೊಳವೆ, ಕೊಳವೆಯ ಆ ತುದಿಯಲ್ಲಿ ಅವನ ಪರವಾಗಿ ಉಸಿರಾಡುವ ಯಂತ್ರ, ಬೆನ್ನುಮೂಳೆ ಬಾಗಿ ಕುತ್ತಿಗೆ ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿದೆ, ಬಲಕ್ಕೆ ಬರುವುದಿಲ್ಲ, ಕೂಸಾಗಿದ್ದಾಗ ಜೀವ ಉಳಿಸಿದ ಬಲವಾದ ಔಷಧಿಗಳೇ ಕಿವಿಯನ್ನು ಮುಕ್ಕಾಲು ತಿಂದುಹಾಕಿವೆ, ಉಳಿದದ್ದು ಕಣ್ಣು. ಮೇಲೆ ನೋಡಿದರೆ ಹೂಂ, ಕೆಳಗೆ ನೋಡಿದರೆ ಊಹೂಂ. ಆ ಕಣ್ಣು ಈಗ ತೆರೆದೇ ಇದೆ, ಮಾನಿಟರಿನಲ್ಲಿ ಅವನ ಎದೆಬಡಿತದ ಹಸಿರು ಅಂಕಿ ಏರುತ್ತಿದೆ, ಹೊಸ ಕೋಣೆಯ ಬಾಗಿಲಲ್ಲಿ ದೊಡ್ಡ ಡಾಕ್ಟರು ಕೈಕಟ್ಟಿ ನಿಂತಿದ್ದಾರೆ, ನಿನ್ನೆಯೇ ಹೇಳಿಬಿಟ್ಟಿದ್ದಾರೆ, ನೋಡಮ್ಮ, ನಿಮ್ಮ ಕೋಣೇಲೂ ಇವನ ಎದೆ ಹೀಗೇ ಓಡಿದ್ರೆ ನಾನಿನ್ನು ಕಾಯಲ್ಲ, ಮೇಲಿನ ದೊಡ್ಡೋರ ಐಸಿಯುಗೆ ಹಾಕ್ತೀನಿ, ಅಲ್ಲಿ ತಾಯಂದಿರಿಗೆ ಜಾಗ ಇಲ್ಲ, ಸಂಜೆ ಒಂದು ಗಳಿಗೆ ಗಾಜಿನಾಚೆಯಿಂದ ನೋಡ್ಬಹುದು ಅಷ್ಟೆ. ಗಾಜಿನಾಚೆಯಿಂದ! ಕಿವಿ ಕೇಳದ, ಕುತ್ತಿಗೆ ತಿರುಗದ ಮಗುವನ್ನು! ಅದು ಆಗಕೂಡದು, ಅವಳು ಮಂಚದ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು, ಅದನ್ನು ಅವಳು ಆಗಗೊಡುವುದಿಲ್ಲ.

ಎಲ್ಲ ಶುರುವಾದದ್ದು ಚೆನ್ನಾಗಿ ಮಾಡುತ್ತೇವೆ ಅಂತ ಹೊರಟದ್ದರಿಂದ, ಹಾಗೆ ಹೊರಟವರೇ ಅಲ್ಲವೇ ಜಗತ್ತಿನಲ್ಲಿ ಹೆಚ್ಚು ಕೆಡಿಸುವವರು — ಹಳೇ ವಾರ್ಡು ಅಂದರೆ ಒಂದು ಉದ್ದನೆಯ ಹಜಾರ, ಸೋರುವ ಮೂಲೆ, ಚಕ್ಕೆ ಎದ್ದ ಬಣ್ಣ, ಒಂದೇ ಪ್ಲಗ್ಗಿಗೆ ನೇತುಬಿದ್ದ ಮೂರು ಯಂತ್ರ, ಮಕ್ಕಳು ಬಂದು ವಾರಕ್ಕೆ ಹೋಗುವವರಲ್ಲ, ಅಲ್ಲೇ ಹಲ್ಲು ಬಿದ್ದು ಹಲ್ಲು ಹುಟ್ಟಿದವರು, ಅಲ್ಲೇ ಅಕ್ಷರ ಕಲಿತವರು, ತಾಯಂದಿರು ಕುರ್ಚಿಯಲ್ಲಿ ಕೂತು ನಿದ್ದೆ ಮಾಡಿ ಮಾಡಿ ಬೆನ್ನು ಗೂನಾದವರು. ಮೊದಲ ದಿನ ಅದನ್ನು ನೋಡಿ ಅವಳಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು, ಅದೇ ಸಿಟ್ಟಿನಲ್ಲಿ ನಕ್ಷೆ ಬರೆದಿದ್ದಳು, ಒಂದೊಂದು ಮಗುವಿಗೂ ಒಂದು ಕೋಣೆ, ತಾಯಿಗೆ ಕಾಲು ಚಾಚುವಷ್ಟು ಮಂಚ, ತಲೆಯ ಕಡೆ ಗೋಡೆಯಲ್ಲಿ ಆಕ್ಸಿಜನ್, ಕಫ ಎಳೆಯುವ ನಳ, ಕರೆಂಟು ಎಲ್ಲ ಒಂದೇ ಪಟ್ಟಿಯಲ್ಲಿ. ಕೆಲಸ ಮುಗಿಯುವ ತನಕ ಅಂತ ಮಕ್ಕಳನ್ನು ಕಾರಿಡಾರಿನ ಕೊನೆಯ ಹಳೇ ಕಡತದ ಕೋಣೆಗಳಿಗೆ ಸಾಗಿಸಿದರು, ಬೇರೆಯವರು ಒಂದೆರಡು ದಿನ ಅತ್ತು ಹೊಂದಿಕೊಂಡರು, ಸಾಹೇಬ ಹೊಂದಿಕೊಳ್ಳಲಿಲ್ಲ. ಯಾರು ಹತ್ತಿರ ಬಂದರೂ ಅಂಕಿ ಜಿಗಿಯುವುದು, ಗಂಟೆ ಬಡಿದುಕೊಳ್ಳುವುದು. ಬೇರೆ ಮಕ್ಕಳು ಬೆಚ್ಚಿದರೆ ಮೈ ಹಾರುತ್ತದೆ, ಇವನ ಮೈಗೆ ಹಾರುವ ಶಕ್ತಿಯಿಲ್ಲ, ಅಂಕಿ ಮಾತ್ರ ಹಾರುತ್ತದೆ. ನಿದ್ದೆಯೂ ಹೋಯಿತು, ಕೋಣೆಯಲ್ಲಿ ಯಾರಾದರೂ ಇದ್ದಾರೆ ಅನ್ನಿಸಿದರೆ ರೆಪ್ಪೆ ಮುಚ್ಚುವುದಿಲ್ಲ, ಬೋಳು ಗೋಡೆಯನ್ನೇ ನೋಡುತ್ತ ತೆರೆದ ಕಣ್ಣು, ತಾಯಿ ಕೆನ್ನೆಗೆ ಕೆನ್ನೆ ತಾಗಿಸಿ ಕೂತಾಗ ಮಾತ್ರ ಒಂದಿಷ್ಟು ಜೋಂಪು. ಹಾಗೆ ಎಷ್ಟು ದಿನ ತಡೆದೀತು ಆ ಪುಟ್ಟ ಎದೆ?

ಬೈಗುಳವೆಲ್ಲ ಅವಳಿಗೇ ಬಂತು. ನಿಮ್ಮ ಡ್ರಿಲ್ಲಿಂಗಿಂದಲೇ ಆಗ್ತಿರೋದು, ಅಂದರು ದೊಡ್ಡ ಡಾಕ್ಟರು, ಕಿವಿ ಕೇಳದೆ ಇದ್ರೇನು, ಮೈಗೆ ಗೊತ್ತಾಗುತ್ತೆ ಅದುರೋದು. ಅವಳು ಡ್ರಿಲ್ ನಿಲ್ಲಿಸಿ ಉಳಿಯಲ್ಲಿ ಕೆತ್ತಿಸಿದಳು, ರಬ್ಬರು ಹಾಸಿಸಿದಳು, ಧೂಳಿಗೆ ಎರಡು ಪದರ ಪರದೆ ಕಟ್ಟಿಸಿದಳು, ಕೆಲಸಗಾರರು ಬೆಕ್ಕಿನ ಹಾಗೆ ನಡೆಯತೊಡಗಿದರು, ಗುತ್ತಿಗೆದಾರ — ಯಾವುದಕ್ಕೂ ಆಯ್ತು ಬಿಡಿ ಆಯ್ತು ಬಿಡಿ ಅಂತ ತಲೆಯಾಡಿಸುವುದರಿಂದ ಅವನಿಗೆ ಆಯ್ತುಬಿಡಿ ಅಂತಲೇ ಹೆಸರು — ಅವನೂ ಒಂದು ದಿನ ಕೈಮುಗಿದ, ಮೇಡಂ, ಇನ್ನು ಉಸಿರಾಡದೆ ಗೋಡೆ ಕಟ್ಟಿ ಅಂದ್ರೆ ಅದನ್ನೂ ಕಟ್ತೀನಿ, ಆದ್ರೆ ಕೂಲಿಯೋರು ಸಿಗಲ್ಲ. ಆಮೇಲೆ ಕೆಲಸಕ್ಕೆ ರಜೆ ಕೊಟ್ಟ ದಿನವೂ ಅಂಕಿ ಜಿಗಿಯಿತು, ಒಂದು ಮೊಳೆ ಹೊಡೆಯದ ದಿನ, ಸಿಸ್ಟರು ನಳಿಗೆ ಶುಚಿ ಮಾಡಲು ಹೋದರೂ ಅಷ್ಟೇ, ಊಟದ ಪುಡಿ ಕಲಸಿ ತಂದರೂ ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ, ಎಮ್ಮೆಯೂ ಅವಳೇ, ಬರೆಯೂ ಅವಳ ಬೆನ್ನಿಗೇ, ಅದು ಹೋಗಲಿ, ಎತ್ತಿನ ಜ್ವರ ಇಳಿಯಬೇಕಲ್ಲ, ಇಳಿಯಲಿಲ್ಲವಲ್ಲ.

ಕಿರಕ್. ತಾಯಿ ಒಂದು ಹೆಜ್ಜೆ ತಪ್ಪಿ ಸರಿಮಾಡಿಕೊಂಡಳು, ಕೊಳವೆ ಅಲ್ಲಾಡಲಿಲ್ಲ, ಬದುಕಿದೆವು, ನಿಧಾನ ನಿಧಾನ, ಅಂದರು ಸಿಸ್ಟರು ಹಿಂದೆ ತಿರುಗದೆ, ಓಡಿದ್ರೂ ಅದೇ ಕೋಣೆ ನಡೆದ್ರೂ ಅದೇ ಕೋಣೆ. ಈ ತಿರುವು ದಾಟಿದರೆ ಬೆಳಕು ಬರುತ್ತದೆ, ಹೊಸ ಕಿಟಕಿಗಳ ಬೆಳಕು — ಆ ಕಿಟಕಿ, ಅಯ್ಯೋ ಆ ಕಿಟಕಿಯ ಬಗ್ಗೆ ಎಷ್ಟು ಜಂಭ ಪಟ್ಟಿದ್ದಳು, ಆಡಳಿತ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಭಾಷಣವನ್ನೇ ಮಾಡಿದ್ದಳು, ವರ್ಷಗಟ್ಟಲೆ ಮಲಗಿರೋ ಮಗು ಸರ್, ಅದಕ್ಕೆ ಹೊರಗಿನ ಜಗತ್ತು ಕಾಣಬೇಕು, ಸಾಹೇಬನ ಕೋಣೆಯಲ್ಲಂತೂ ಅವನ ಎಡಗಡೆಗೆ ಸರಿಯಾಗಿ, ಮಂಚದ ಮಟ್ಟಕ್ಕೆ ಇಳಿಸಿ, ಗೋಡೆಯಗಲದ ಕಿಟಕಿ, ಹೊರಗೆ ಮರ, ಮರದಾಚೆ ಬಸ್ ನಿಲ್ದಾಣ, ಸಭೆಯಲ್ಲಿ ಒಬ್ಬರು ಕಣ್ಣೊರೆಸಿಕೊಂಡರು ಕೂಡ, ಎಲ್ಲರೂ ಚಪ್ಪಾಳೆ ತಟ್ಟಿದರು. ಮಲಗಿದ ಮಗುವಿಗೆ ಕಿಟಕಿ ಬೇಕು ಅಂತ ಯಾರಿಗೆ ಗೊತ್ತಿಲ್ಲ, ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತಿರುವುದನ್ನು ಯಾರೂ ವಿಚಾರಿಸುವುದಿಲ್ಲ. ಮನೆಯಲ್ಲಿ ಅತ್ತೆ ಇರಲಿಲ್ಲವೇ ಪಾಠ ಹೇಳಲು, ಕಾಲು ಮುರಿದುಕೊಂಡು ಕೂತ ಅತ್ತೆಗೆ ಅಂತ ಬಾಲ್ಕನಿಯಲ್ಲಿ ಹೂಕುಂಡ ಜೋಡಿಸಿ ಕುರ್ಚಿ ಹಾಕಿಸಿದ್ದಳು, ದಿನಾ ಸಂಜೆ ಬಂದು ನೋಡಿದರೆ ಕುರ್ಚಿ ತಿರುಗಿದೆ, ಹೂವಿಗೆ ಬೆನ್ನು, ಮುಂಬಾಗಿಲಿಗೆ ಮುಖ, ಯಾಕತ್ತೆ ಅಂದರೆ, ಮರ ನೋಡೋಕೆ ನಾನೇನು ಮಂಗನಾ, ಮನೆಗೆ ಯಾರು ಬರ್ತಾರೆ ಯಾರು ಹೋಗ್ತಾರೆ ಅದನ್ನ ನೋಡಬೇಕು ಮಾರಾಯ್ತಿ, ಇಲ್ಲಾಂದ್ರೆ ಹಿಂದಿನಿಂದ ಬಂದು ನನ್ನನ್ನೂ ಒಂದು ಕುಂಡ ಅಂತ ಎತ್ತಿಟ್ಟುಬಿಡ್ತೀರಿ ನೀವು. ಗಂಡನೂ ಅವಳೂ ಬಿದ್ದು ಬಿದ್ದು ನಕ್ಕಿದ್ದರು, ಮುದುಕಿಯ ಕೆಟ್ಟ ಕುತೂಹಲ ಅಂದುಕೊಂಡಿದ್ದರು, ಅತ್ತೆ ನಗಲಿಲ್ಲ.

ಹೊಸ ಕೋಣೆ ಒಪ್ಪಿಸುವ ಮೊದಲು ಅವಳದೊಂದು ರೂಢಿ ಇದೆ, ಯಾವ ಕಟ್ಟಡವೇ ಆಗಲಿ, ಅಲ್ಲಿರುವವರು ಹೇಗೆ ಇರುತ್ತಾರೋ ಹಾಗೆ ಒಮ್ಮೆ ಇದ್ದು ನೋಡುವುದು, ಶಾಲೆಯಾದರೆ ಚಿಕ್ಕ ಬೆಂಚಿನಲ್ಲಿ ಕೂರುತ್ತಾಳೆ, ಅಡುಗೆಮನೆಯಾದರೆ ಖಾಲಿ ಪಾತ್ರೆ ಇಳಿಸುತ್ತಾಳೆ, ಆಯ್ತುಬಿಡಿಯ ಕಣ್ಣಿಗೆ ಅದೊಂದು ಹುಚ್ಚು, ಮೇಡಂ, ಸ್ಮಶಾನದ ಕಾಂಟ್ರಾಕ್ಟ್ ಮಾತ್ರ ತಗೋಬೇಡಿ ಅನ್ನುತ್ತಾನೆ. ಆ ದಿನ ಎಲ್ಲ ಮುಗಿದಿತ್ತು, ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ, ಪ್ಲಾಸ್ಟಿಕ್ ಸುತ್ತಿದ ಹಾಸಿಗೆಯ ಮೇಲೆ ಅವಳು ಸಾಹೇಬನಂತೆ ಮಲಗಿದಳು, ಎಡಗೆನ್ನೆ ದಿಂಬಿಗೆ, ಕತ್ತು ತಿರುಗಿಸಬಾರದು ಅಂತ ತನಗೆ ತಾನೇ ಆಣೆ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು. ಕಿಟಕಿ ಕಂಡಿತು, ಮರ ಕಂಡಿತು, ಬಸ್ಸು ಬಂದು ನಿಂತು ಹೋಯಿತು, ಆಹಾ ಎಷ್ಟು ಚೆನ್ನಾಗಿ ಮಾಡಿದ್ದೀಯೆ ಕಣೇ ಅಂತ ಒಳಗೊಳಗೇ ಬೆನ್ನು ತಟ್ಟಿಕೊಳ್ಳುತ್ತಿರುವಾಗ — ಹೆಗಲ ಮೇಲೆ ಒಂದು ಕೈ. ತಣ್ಣಗಿನ ರಬ್ಬರು ಕೈಗವಸಿನ ಕೈ. ಮುಖವಿಲ್ಲ, ಸದ್ದಿಲ್ಲ, ಬರೀ ಕೈ, ಎಲ್ಲಿಂದಲೋ ಬಂದದ್ದು. ಅವಳು ಕಿಟಾರನೆ ಕಿರುಚಿ ಎದ್ದು ಕೂತಳು, ಎದೆ ಧಡಧಡ, ಎದುರಿಗೆ ಸಿಸ್ಟರು ಕಕ್ಕಾಬಿಕ್ಕಿಯಾಗಿ ನಿಂತಿದ್ದಾರೆ, ಏನ್ರೀ ಇಂಜಿನಿಯರಮ್ಮ, ಬಾಗಿಲಿಂದ ಮೂರು ಸಲ ಕರೆದೆ, ನಿದ್ದೆ ಹೋದ್ರೇನೋ ಅಂತ ಮುಟ್ಟಿದ್ರೆ ಹೀಗಾ ಕಿರುಚೋದು? ಅವಳು ಬಾಗಿಲು ನೋಡಿದಳು, ಸಿಸ್ಟರ ಕೈ ನೋಡಿದಳು, ಮತ್ತೆ ಬಾಗಿಲು ನೋಡಿದಳು. ಬಾಗಿಲು ಬಲಗಡೆ. ಅವನ ಬೆನ್ನ ಹಿಂದೆ. ಹೊಸ ಕೋಣೆಯಲ್ಲೂ, ಈಗ ಇರುವ ಕಡತದ ಕೋಣೆಯಲ್ಲೂ. ಆ ಮಗುವಿಗೆ ಪ್ರತಿ ಸಲವೂ ಮೊದಲು ಕೈ ಬರುತ್ತದೆ, ಮುಖ ಆಮೇಲೆ ಬರುತ್ತದೆ, ಸೂಜಿ ಹಿಡಿದ ಕೈಯೋ ಹಾಲು ಹಿಡಿದ ಕೈಯೋ ಮುಟ್ಟುವ ತನಕ ಗೊತ್ತಿಲ್ಲ, ದೇವರೇ, ಯಾರಾದರೂ ಹೇಗೆ ಕಣ್ಣು ಮುಚ್ಚುತ್ತಾರೆ?

ಆದರೆ ಹಳೇ ಹಜಾರದಲ್ಲೂ ಬಾಗಿಲು ಬೆನ್ನ ಹಿಂದೆಯೇ ಇತ್ತಲ್ಲ, ಅಂದರು ಸಿಸ್ಟರು, ಅಲ್ಲಿ ಹಾಯಾಗಿ ನಿದ್ದೆ ಹೊಡೀತಿದ್ದ ಸಾಹೇಬ. ಅದೂ ನಿಜವೇ. ಹಾಸಿಗೆಯ ಅಂಚಿನಲ್ಲಿ ಕೂತು ಅವಳು ಹಳೇ ಹಜಾರವನ್ನು ಕಣ್ಣೊಳಗೆ ಮತ್ತೆ ಕಟ್ಟಿದಳು, ಒಡೆದವಳಿಗೆ ಕಟ್ಟುವುದು ಎಷ್ಟರದು, ಮಂಚ ಇಲ್ಲಿ, ಯಂತ್ರ ಇಲ್ಲಿ, ತಾಯಿಯ ಕುರ್ಚಿ ಅಲ್ಲಿ, ಎಡಗಡೆ — ಎಡಗಡೆ ಏನಿತ್ತು? ಬೀರು. ಔಷಧಿಯ ದೊಡ್ಡ ಸ್ಟೀಲ್ ಬೀರು, ನಡುವೆ ಒಂದು ತಗ್ಗು, ಆಯಾ ದಿನವೂ ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ತಟ್ಟೆಯ ಹಾಗೆ ಹೊಳೆಯುತ್ತಿದ್ದದ್ದು. ಆ ಬೀರುವಿನೊಳಗೆ ಇಡೀ ಹಜಾರ ಇತ್ತು, ಬಾಗಿಲಿತ್ತು, ಬರುವವರೆಲ್ಲ ಇದ್ದರು, ಬಿಳಿ ಬಂದರೆ ಸಿಸ್ಟರು, ನೀಲಿ ಬಂದರೆ ಆಯಾ, ಉದ್ದನೆಯ ಕಪ್ಪು ಬಂದರೆ ಡಾಕ್ಟರು. ಆ ಬೀರು ನೋಡ್ತಾನೇ ಇರ್ತಿದ್ದ, ಅಂದಳು ತಾಯಿ, ಅವಳು ಓಡಿಹೋಗಿ ಕೇಳಿದಾಗ, ಆ ತಗ್ಗು ಕಂಡ್ರೆ ಇಷ್ಟವೇನೋ ಅಂದ್ಕೊಂಡಿದ್ದೆ, ಅದನ್ನ ಹೊತ್ಕೊಂಡು ಹೋಗೋ ದಿನ ಕಣ್ಣು ಕೆಳಗೆ ಮಾಡಿದ, ಮತ್ತೆ ಮತ್ತೆ ಕೆಳಗೆ ಮಾಡಿದ, ಬೇಡ ಬೇಡ ಅಂತ, ಕಫ ಕಟ್ಟಿದೆ ಅಂತ ನಾವು ನಳ ಹಾಕಿ ಎಳೆದ್ವಿ ಅಕ್ಕಾ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊತ್ತುಕೊಂಡು ಹೋಗಲು ಹೇಳಿದವಳು ಇವಳೇ, ಈ ಗುಜರಿ ಎತ್ತಿ ಮೊದಲು, ಹೊಸ ವಾರ್ಡಿಗೆ ಹಳೇ ಬೀರು ಯಾಕೆ, ಅಂತ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆದರೆ ಅತ್ತರೆ ಬೀರು ಬರುತ್ತದೆಯೇ, ಹಿತ್ತಲಲ್ಲಿ ಗುಜರಿಯವನಿಗೆ ಕಾಯುತ್ತ ಬಿದ್ದಿದ್ದನ್ನು ತಾನೇ ನಿಂತು ತೊಳೆಸಿ, ಕಡತದ ಕೋಣೆಯಲ್ಲಿ ಅವನ ಎಡಕ್ಕಿದ್ದ ತಾಯಿಯ ಕುರ್ಚಿ ಎತ್ತಿಸಿ ಆ ಜಾಗಕ್ಕೆ ನೂಕಿಸಿದಳು, ಆ ಮಧ್ಯಾಹ್ನವೆಲ್ಲ ಅಂಕಿ ನೆಲ ಹಿಡಿದು ಕೂತಿತ್ತು. ಸಂಜೆಗೆ ಸೋಂಕು ನಿಯಂತ್ರಣದವರು ಬಂದರು, ತುಕ್ಕು ಹಿಡಿದಿದೆ, ಹಿತ್ತಲಲ್ಲಿ ಬಿದ್ದದ್ದು ವೆಂಟಿಲೇಟರ್ ಮಗುವಿನ ಪಕ್ಕನಾ, ನಿಮಗೆ ತಲೆ ಸರಿ ಇದೆಯಾ, ಅವರು ಹೇಳಿದ್ದು ತಪ್ಪಲ್ಲ, ಬೀರು ಮತ್ತೆ ಹೊರಗೆ ಹೋಯಿತು, ಅಂಕಿ ಮತ್ತೆ ಮೇಲೆ.

ಕಾರಣ ಬಾಗಿಲು ಅಂದರೆ ದೊಡ್ಡ ಡಾಕ್ಟರು ಒಪ್ಪಲಿಲ್ಲ. ಕೆಟ್ಟವರಲ್ಲ, ದಣಿದವರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಒಂದು ಮಧ್ಯಾಹ್ನ ಸುಮ್ಮನಿದ್ದ ಅಂದ್ರೆ ನೂರು ಕಾರಣ ಇರ್ತವಮ್ಮ. ಆಯ್ತುಬಿಡಿ ಸುಲಭದ ದಾರಿ ತೋರಿಸಿದ, ಒಂದು ಕನ್ನಡಿ ಅಂಟಿಸಿದ್ರೆ ಮುಗೀತಲ್ಲ ಮೇಡಂ. ಅಂಟಿಸಿ ನೋಡಿದಳು, ಅದನ್ನೂ ಬಿಡಲಿಲ್ಲ, ಆಹಾರ ಕೊಡುವಾಗ ಮಂಚದ ತಲೆ ಏರುತ್ತದೆ, ಕಫ ತೆಗೆಯುವಾಗ ಇಳಿಯುತ್ತದೆ, ಏರಿದಾಗ ಕನ್ನಡಿಯಲ್ಲಿ ಸೂರು, ಇಳಿದಾಗ ಬರೀ ಯಂತ್ರದ ಕಾಲು, ಬಾಗಿಲು ಸಿಕ್ಕುವುದು ನಡುವಿನ ಒಂದು ಗೇಣಿನಲ್ಲಿ ಮಾತ್ರ. ಅಲ್ಲದೆ ಯಾಕೆ, ಅವನು ಯಾಕೆ ಜನ್ಮವಿಡೀ ಜನರನ್ನು ಬೆನ್ನ ಹಿಂದಿನಿಂದ ಕದ್ದು ನೋಡಬೇಕು, ಬರುವವರು ಎದುರಿಗೇ ಬರಲಿ, ಬೇರೆ ಮಕ್ಕಳಿಗೆ ಬರುವುದಿಲ್ಲವೇ. ಮಂಚ ತಿರುಗಿಸಬೇಕು. ತಲೆಯಿದ್ದಲ್ಲಿಗೆ ಕಾಲು, ಕಾಲಿದ್ದಲ್ಲಿಗೆ ತಲೆ, ಆಗ ಬಾಗಿಲು ಎಡಕ್ಕೆ ಬರುತ್ತದೆ, ಆದರೆ ಆಕ್ಸಿಜನ್, ನಳ, ಕರೆಂಟು ಎಲ್ಲ ಕೂತಿರುವ ಗೋಡೆ ಇದು, ತಲೆ ಹೋಗಬೇಕಾದ್ದು ಎದುರಿನ ಗೋಡೆಗೆ, ಹೊಸ ಗೋಡೆ ಒಡೆಯಬೇಕು, ತಾಮ್ರದ ಕೊಳವೆ ಕೊಯ್ದು ಸೂರಿನ ಮೇಲಿಂದ ಆಚೆಗೆ ಒಯ್ದು ಬೆಸೆಯಬೇಕು, ಮತ್ತೆ ಒತ್ತಡ ಹಾಕಿ ಪರೀಕ್ಷೆ. ಕಡತದ ಕೋಣೆಯಲ್ಲಿ ಮಂಚ ತಿರುಗಿಸಿ ನೋಡೋಣವೆಂದರೆ ಅಲ್ಲಿ ತಿರುಗಿಸುವಷ್ಟು ಜಾಗವೇ ಇಲ್ಲ. ಮತ್ತೆ ಕಿಟಕಿ — ಮಂಚ ತಿರುಗಿದರೆ ಕಿಟಕಿ ಅವನ ಬೆನ್ನಿಗೆ. ಚಪ್ಪಾಳೆಯ ಕಿಟಕಿ, ಕಣ್ಣೊರೆಸಿದ ಕಿಟಕಿ.

ಅಲ್ಲಿ ಒಂದು ಇಡೀ ದಿನ ಅವಳ ಕಾಲು ತಡೆಯಿತು, ಹೇಳಿಬಿಡಬೇಕು, ಹಟಮಾರಿ ಅಂತ ಹೆಸರು ಹೊತ್ತವಳಿಗೂ ತಡೆಯಿತು. ಆಕಾಶವನ್ನು ಕಿತ್ತುಕೊಂಡು ಬಾಗಿಲು ಕೊಡುವುದಕ್ಕೆ ನಾನ್ಯಾರು, ಅಂತ. ಆಮೇಲೆ ಹೊಳೆಯಿತು, ಕೇಳಬಹುದಲ್ಲ! ಇಷ್ಟು ಸಭೆ, ಇಷ್ಟು ನಕ್ಷೆ, ಮಂಡಳಿಯವರನ್ನು ಕೇಳಿದ್ದಳು, ಡಾಕ್ಟರನ್ನು, ಸಿಸ್ಟರನ್ನು, ತಾಯಂದಿರನ್ನು ಕೇಳಿದ್ದಳು, ಮಲಗುವವನನ್ನು ಕೇಳಿರಲಿಲ್ಲ. ಸ್ವಿಚ್ಚಿನ ರಟ್ಟಿನ ಪೆಟ್ಟಿಗೆ ಹರಿದು ಎರಡು ಚಿತ್ರ ಬರೆದಳು, ಒಂದರಲ್ಲಿ ಕಿಟಕಿ, ಮರ, ಬಸ್ಸು, ಇನ್ನೊಂದರಲ್ಲಿ ಬಾಗಿಲು, ಬಾಗಿಲಲ್ಲಿ ಅಮ್ಮ, ಸಿಸ್ಟರು, ಸಿಸ್ಟರಿಗೆ ಸ್ವಲ್ಪ ದಪ್ಪ ಹೆಚ್ಚಾಯಿತು, ಅವರು ಮೂತಿ ತಿರುವಿದರು. ಎರಡನ್ನೂ ಅವನ ಕಣ್ಣ ಮುಂದೆ ಹಿಡಿದು ಮಂಡಿಯೂರಿ ಕೂತಳು. ಅವನು ಮರವನ್ನು ನೋಡಿದ, ತುಂಬಾ ಹೊತ್ತು ನೋಡಿದ, ಬಸ್ಸನ್ನು ನೋಡಿದ, ಆಮೇಲೆ ಬಾಗಿಲಿಗೆ ಬಂದ, ಕಣ್ಣು ಮೇಲೆ ಹೋಯಿತು. ಹೂಂ. ಅವಳು ಕೈ ಬದಲಿಸಿ ಹಿಡಿದಳು, ಇಂಜಿನಿಯರಲ್ಲವೇ, ಒಂದು ಸಲದ ಅಳತೆಯನ್ನು ನಂಬುವವಳಲ್ಲ. ಬಾಗಿಲು, ಹೂಂ. ಮೂರನೇ ಸಲ ಕೇಳಿದಾಗ ಅವನು ಮೇಲೂ ನೋಡಲಿಲ್ಲ ಕೆಳಗೂ ನೋಡಲಿಲ್ಲ, ಅವಳನ್ನೇ ನೋಡಿದ, ನಿನಗೆ ಹೇಳಿದ್ದು ತಿಳಿಯುವುದಿಲ್ಲವೇ ಅನ್ನುವ ಹಾಗೆ, ಪಕ್ಕಾ ಸಾಹೇಬನೇ. ತಾಯಿ ಹಿಂದಿನಿಂದ ಮೆಲ್ಲಗೆ ಅಂದಳು, ಕಿಟಕಿ ಕಡೆ ನನ್ನ ಮಂಚ ಹಾಕಿಬಿಡಿ ಅಕ್ಕಾ, ನಾನೂ ಆಕಾಶ ನೋಡಿ ತುಂಬಾ ದಿನ ಆಯ್ತು.

ಆಮೇಲೆ ಯಾರು ತಡೆಯುತ್ತಾರೆ ಅವಳನ್ನು. ಉದ್ಘಾಟನೆ ಆಗ್ಲಿ, ಆಮೇಲೆ ಒಡೀರಿ, ಫಲಕ ಬರೆಸಿಯಾಗಿದೆ, ಅತಿಥಿಗಳು ಬರ್ತಿದ್ದಾರೆ, ಅಂದರು ದೊಡ್ಡ ಡಾಕ್ಟರು. ಆಮೇಲೆ ಅಂದ್ರೆ ಮಕ್ಕಳು ಒಳಗಿರ್ತಾರೆ ಸರ್, ಮಕ್ಕಳ ಉಸಿರಿನ ಕೊಳವೆ ಪಕ್ಕ ಗೋಡೆ ಒಡೆಯೋಕಾಗುತ್ತಾ, ಒಡೆಯೋದಾದ್ರೆ ಈಗ, ಇಲ್ಲಾಂದ್ರೆ ಎಂದೂ ಇಲ್ಲ. ಮತ್ತೆ ನಿಮ್ಮ ಲೆಕ್ಕ ತಪ್ಪಾದ್ರೆ? ತಪ್ಪಾದ್ರೆ ಮತ್ತೆ ಕಟ್ತೀನಿ ಸರ್, ಆದ್ರೆ ಅವನನ್ನ ಮೇಲೆ ಕಳಿಸೋ ಮೊದಲು ಒಂದು ದಿನ ಅವನು ಬಾಗಿಲು ನೋಡ್ಕೊಂಡು ಮಲಗಲಿ. ಡಾಕ್ಟರು ಅವಳನ್ನು ದಿಟ್ಟಿಸಿ ನೋಡಿ, ಶನಿವಾರದೊಳಗೆ, ಅಂದರು, ಅಷ್ಟೇ. ಉದ್ಘಾಟನೆ ಮುಂದಕ್ಕೆ ಹೋಯಿತು, ಅತಿಥಿಗಳಿಗೆ ಕೋಪ ಬಂತು, ಬರಲಿ, ಕೋಪಕ್ಕೆ ಯಾವ ಮಂಚವೂ ಬೇಕಿಲ್ಲ. ಆಯ್ತುಬಿಡಿ ಮೊದಲ ಸಲ ಆಯ್ತು ಬಿಡಿ ಅನ್ನಲಿಲ್ಲ, ಆಗಲ್ಲ ಮೇಡಂ, ಬಣ್ಣ ಕೂಡ ಒಣಗಿಲ್ಲ, ಹುಡುಗರು ಅಳ್ತಾರೆ, ಅಂದ, ಅವಳು ಅವನನ್ನು ಆ ಹಾಸಿಗೆಯ ಮೇಲೆ ಮಲಗಿಸಿದಳು, ಎಡಗೆನ್ನೆ ದಿಂಬಿಗೆ, ಕಿವಿಗೆ ಹತ್ತಿ, ತಾನು ಸದ್ದಿಲ್ಲದೆ ಆಚೆ ಹೋಗಿ ಬಂದು ಒದ್ದೆ ಕೈಯನ್ನು ಅವನ ಕತ್ತಿನ ಮೇಲಿಟ್ಟಳು, ಅಷ್ಟು ದೊಡ್ಡ ಆಳು ಅಮ್ಮಾ ಅಂದುಬಿಟ್ಟ, ಎದ್ದು ಕೂತು ಹತ್ತಿ ತೆಗೆದು ಅಂಗೈಯಲ್ಲಿ ಹಿಡಿದು ನೋಡುತ್ತಾ, ಯಾವ ಗೋಡೆ ಮೇಡಂ, ಅಂದ. ಅವತ್ತೇ ಸುತ್ತಿಗೆ ಬಿತ್ತು. ತನ್ನ ಕೈಯಾರೆ ಒಪ್ಪಿದ ಗೋಡೆ ಒಡೆಯುವುದನ್ನು ನಿಂತು ನೋಡಿದಳು, ಬೆಸುಗೆ ಬಿದ್ದ ಪ್ರತಿ ಕೊಳವೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಅಂತ ಬಗ್ಗಿ ಬಗ್ಗಿ ನೋಡಿದಳು. ಅತ್ತ ಕಡತದ ಕೋಣೆಯಲ್ಲಿ ಅಷ್ಟೂ ದಿನ ತಾಯಿ ಬೀರುವಿನ ಕೆಲಸ ಮಾಡಿದಳು, ಎಡಗಡೆ ಕೂತು, ಯಾರಾದರೂ ಬಂದರೆ ಸನ್ನೆ, ತಲೆಗೆ ಕೈ ಮುಟ್ಟಿದರೆ ಸಿಸ್ಟರು, ಕುತ್ತಿಗೆಗೆ ಮುಟ್ಟಿದರೆ ಡಾಕ್ಟರು, ಸೊಂಟಕ್ಕೆ ಕೈಯಿಟ್ಟರೆ ಇಂಜಿನಿಯರಮ್ಮ. ಕಣ್ಣು ಕೆಂಡವಾದವು ಪಾಪ, ಒಂದು ಚಣ ತೂಕಡಿಸಿದರೆ ಗಂಟೆ ಬಡಿಯುವುದು. ತಾಯಿ ಪಕ್ಕದಲ್ಲಿದ್ರೆ ಯಾವ ಮಗು ಸುಮ್ಮನಿರಲ್ಲ ಹೇಳಿ, ಅಂದರು ದೊಡ್ಡ ಡಾಕ್ಟರು.

ಮಂಚ ಬಾಗಿಲು ದಾಟಿತು. ದೊಡ್ಡ ಡಾಕ್ಟರು ಪಕ್ಕಕ್ಕೆ ಸರಿದರು. ತಲೆ ಆ ಕಡೆಗೆ, ಆ ಕಡೆಗೆ, ಅಂತ ಅವಳು ಅನ್ನುವ ಮೊದಲೇ ಸಿಸ್ಟರು ತಿರುಗಿಸಿದರು, ಗಾಲಿಗಳಿಗೆ ಬೀಗ, ಆಕ್ಸಿಜನ್ ಕೊಳವೆ ಹೊಸ ಗೋಡೆಗೆ ಕಚಕ್ ಅಂತ ಕೂತಿತು, ಯಂತ್ರ ಬ್ಯಾಟರಿ ಬಿಟ್ಟು ಕರೆಂಟು ಹಿಡಿಯಿತು, ಒಂದು ಉಸಿರು, ಇನ್ನೊಂದು ಉಸಿರು, ಸಮ. ಅಂಕಿ ಮೇಲೇ ಇದೆ. ದಾರಿಯ ಕುಲುಕಾಟಕ್ಕೆ ಇರಬಹುದು, ಇಲ್ಲದೆಯೂ ಇರಬಹುದು, ಒಂದು ವೇಳೆ ಬಾಗಿಲೇ ಅಲ್ಲದಿದ್ದರೆ, ಒಂದು ವೇಳೆ ಆ ಬೀರುವಿನ ತಗ್ಗೇ ಅವನಿಗೆ ಬೇಕಾಗಿದ್ದರೆ, ಅವಳು ಡಾಕ್ಟರಲ್ಲ, ಗೋಡೆಯವಳು, ಗೋಡೆಯವಳಿಗೆ ಎದೆಯ ವಿಷಯ ಏನು ಗೊತ್ತು, ಇಲ್ಲ, ಗೊತ್ತು, ಅವನೇ ಹೇಳಿದ್ದಾನೆ, ಎರಡು ಸಲ ಹೇಳಿದ್ದಾನೆ, ಮೂರನೇ ಸಲ ಬೈದಿದ್ದಾನೆ. ಎಲ್ಲರೂ ಹೊರಗೆ, ಅಂದರು ದೊಡ್ಡ ಡಾಕ್ಟರು, ನೀವೂನಮ್ಮ, ತಾಯಿಗೆ. ತಾಯಿ ಮಗನನ್ನು ನೋಡಿದಳು, ಇವಳನ್ನು ನೋಡಿದಳು, ಇವಳು ತಲೆಯಾಡಿಸಿದಳು, ತಾಯಿ ಹೋಗಿ ಕಿಟಕಿಯ ಕಡೆಯ ತನ್ನ ಮಂಚದಲ್ಲಿ ಅವನ ಕಣ್ಣಿಗೆ ಬೀಳದ ಹಾಗೆ ಕೂತಳು, ಇದಕ್ಕಿಂತ ಹೊರಗೆ ಹೋಗಲ್ಲ ಡಾಕ್ಟ್ರೇ, ಅಂದಳು. ಉಳಿದವರು ಬಾಗಿಲಾಚೆ ನಿಂತರು, ಸಿಸ್ಟರು, ಡಾಕ್ಟರು, ಎಲ್ಲಿದ್ದನೋ ಬಂದು ಇಣುಕುತ್ತಿರುವ ಆಯ್ತುಬಿಡಿ, ಅವಳು. ಸಾಹೇಬನ ಕಣ್ಣು ಚೌಕಟ್ಟಿನ ಮೇಲೆ ಹರಿದು ಕೆಳಗಿಳಿದು ಅವರ ಮೇಲೆ ಬಂತು. ಒಬ್ಬೊಬ್ಬರನ್ನೇ ನೋಡಿತು, ಹಾಜರಿ ತೆಗೆದುಕೊಂಡ ಹಾಗೆ. ಆಯ್ತುಬಿಡಿ ಯಾಕೋ ನೆಟ್ಟಗೆ ನಿಂತ.

ಸಿಸ್ಟರು ಕೈಗವಸು ಹಾಕಿಕೊಂಡರು, ಹೋಗ್ಲಾ, ಅಂದರು, ಹೋಗಿ, ಅಂದರು ಡಾಕ್ಟರು ಮಾನಿಟರಿನಿಂದ ಕಣ್ಣು ತೆಗೆಯದೆ. ಸಿಸ್ಟರು ಒಳಗೆ ನಡೆದರು, ಅವರ ಜೊತೆ ಅವನ ಕಣ್ಣೂ ನಡೆಯಿತು, ಬಾಗಿಲಿಂದ ಮಂಚದ ತನಕ, ಅವರ ಮುಖ, ಅವರ ಕೈ, ಕೈಯಲ್ಲಿ ಕಫ ತೆಗೆಯುವ ನಳ, ಅವನಿಗೆ ಅದು ಇಷ್ಟವಿಲ್ಲ, ಹುಬ್ಬು ಗಂಟಾಯಿತು, ಆದರೆ ಅಂಕಿ — ಅವಳು ಅಂಕಿಯನ್ನು ನೋಡಲಾರದೆ ಡಾಕ್ಟರ ಮುಖ ನೋಡಿದಳು, ಡಾಕ್ಟರ ತುಟಿ ಅಲ್ಲಾಡುತ್ತಿದೆ, ಮುಟ್ಟಿದ್ರು, ಎಳೀತಿದ್ದಾರೆ, ಮುಗೀತು, ಇಳೀತಾ ಇದೆ, ಇಳೀತಾ ಇದೆ ಇದು. ಅವಳು ಗೋಡೆಗೆ ಅಂಗೈ ಊರಿ ನಿಂತಳು. ಇನ್ನುಳಿದ ಕೋಣೆಗಳನ್ನೂ ನೋಡಬೇಕು, ಪಕ್ಕದ ಕೋಣೆಗೆ ಬರುವ ಪುಟ್ಟಿ ಯಾವ ಕಡೆ ಮಲಗುತ್ತಾಳೆ, ಆಚೆಯವನು ಯಾವ ಕಡೆ, ಒಬ್ಬೊಬ್ಬರನ್ನೂ ಕೇಳಬೇಕು, ರಟ್ಟು ಬೇಕು, ಇನ್ನೂ ರಟ್ಟು ಬೇಕು, ಇನ್ನೂ ಗೋಡೆ ಒಡೆಯಬೇಕಾದರೆ ಒಡೆಯಬೇಕು, ಆಯ್ತುಬಿಡಿಗೆ ಈಗಲೇ ಹೇಳಬೇಕು, ನಾಳೆ ಬೆಳಿಗ್ಗೆಯೇ — ಅಂತ ಅಂದುಕೊಳ್ಳುತ್ತ ಒಳಗೆ ನೋಡಿದಳು. ಸಿಸ್ಟರು ಇನ್ನೂ ಅಲ್ಲೇ ಇದ್ದರು, ಕೈಗವಸು ಕಳಚುತ್ತಿದ್ದರು. ಸಾಹೇಬ ಅವರನ್ನು ಒಮ್ಮೆ ನೋಡಿದ, ಬಾಗಿಲನ್ನು ಒಮ್ಮೆ ನೋಡಿದ, ಬಾಗಿಲಲ್ಲಿ ಅವಳನ್ನು ನೋಡಿದ. ರೆಪ್ಪೆ ಅರ್ಧ ಇಳಿಯಿತು, ನಿಂತಿತು, ಮತ್ತೆ ತೆರೆಯಿತು, ಅವಳು ಅಲ್ಲೇ ಇದ್ದಳು, ಎಲ್ಲರೂ ಇದ್ದಲ್ಲೇ ಇದ್ದರು. ರೆಪ್ಪೆ ಇಳಿಯಿತು. ಈಗ ತೆರೆಯುತ್ತಾನೆ, ಅವಳು ಕಾದಳು, ಸಿಸ್ಟರು ಮಂಚದ ಪಕ್ಕದಿಂದ ಸರಿದು ಬಂದರು, ಈಗ, ತೆರೆಯಲಿಲ್ಲ, ನಾಳೆ ಬೆಳಿಗ್ಗೆಯೇ ಏನೋ ಮಾಡಬೇಕಿತ್ತು, ಏನು, ಅವನು ಕಣ್ಣು ಮುಚ್ಚಿದ್ದಾನೆ, ನಾಳೆ ಬೆಳಿಗ್ಗೆ, ಏನೋ, ಮುಚ್ಚಿದ್ದಾನೆ, ಕೋಣೆಯಲ್ಲಿ ಜನರಿದ್ದಾರೆ, ಅವನು ಕಣ್ಣು ಮುಚ್ಚಿದ್ದಾನೆ.